ಹಾಜರಾತಿ ಕಡಿಮೆಯಾದ ವರ್ಷ

ಹೋದ ವಾರ ಪಕ್ಕದ ಮನೆಯವರು ನೆಲಕ್ಕೆ ಗ್ರಾನೈಟ್ ಹಾಕಿಸುತ್ತಿದ್ದರು. ಕೋಲಾರದಲ್ಲಿ ನಾನೀಗ ಇರುವ ಬೀದಿ ಇಕ್ಕಟ್ಟಿನದು. ಕಲ್ಲು ಕೊಯ್ಯುವ ಯಂತ್ರವನ್ನು ನಮ್ಮ ಗೇಟಿನ ಮುಂದೆಯೇ ಇಟ್ಟುಕೊಂಡಿದ್ದರು. ಒಬ್ಬ ಕೊಯ್ಯುತ್ತಿದ್ದ, ಇನ್ನೊಬ್ಬ ಬಾಟಲಿಯಿಂದ ಅದರ ಮೇಲೆ ನೀರು ಬಿಡುತ್ತಿದ್ದ. ಬಟ್ಟೆ ಒಣಹಾಕಲು ಹೊರಗೆ ಬಂದವಳಿಗೆ ಒದ್ದೆ ಕಲ್ಲುಪುಡಿಯ ವಾಸನೆ ಬಂತು. ಬಕೆಟ್ಟನ್ನು ಅಲ್ಲೇ ಇಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಡಿಗ್ರಿಯ ಕೊನೆಯ ವರ್ಷ, ಶಿವಾರಪಟ್ಟಣದಲ್ಲಿ, ಆ ವಾಸನೆಯ ನಡುವೆ ನಾನು ಎಂಟು ತಿಂಗಳು ಓಡಾಡಿದ್ದೆ.

ಆ ವರ್ಷದ ಬಗ್ಗೆ ಹೇಳಬೇಕಾದರೆ ಅಮ್ಮ ಹೋದ ದಿನದಿಂದ ಹೇಳಬೇಕು. ನಮ್ಮೂರು ಶ್ರೀನಿವಾಸಪುರದ ಹತ್ತಿರ. ಅಪ್ಪ ಅಮ್ಮ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದರು. ನಾನು ಕೋಲಾರದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದೆ. ಎರಡನೇ ವರ್ಷದ ಫೆಬ್ರವರಿಯ ಒಂದು ಬೆಳಿಗ್ಗೆ, ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದ ಅಮ್ಮ ಹಾಗೇ ಕುಸಿದು ಬಿದ್ದಳು. ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲೇ ಹೋಗಿಬಿಟ್ಟಳಂತೆ. ಮೆದುಳಿನಲ್ಲಿ ರಕ್ತಸ್ರಾವ ಅಂದರು. ನಾನು ಊರಿಗೆ ಬರುವಷ್ಟರಲ್ಲಿ ಅವಳನ್ನು ಜಗಲಿಯ ಮೇಲೆ ಮಲಗಿಸಿದ್ದರು.

ಹುಳು ಆಗ ನಾಲ್ಕನೇ ಜ್ವರದಿಂದ ಎದ್ದು ಮೂರು ದಿನವಾಗಿತ್ತು. ಹುಳು ತಿನ್ನುವುದನ್ನು ನಿಲ್ಲಿಸಿ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಕೊನೆಯದು. ಅದರಿಂದ ಎದ್ದ ಹುಳುವಿಗೆ ಹಗಲು ರಾತ್ರಿ ಸೊಪ್ಪು ಬೇಕು. ಮಣ್ಣು ಮಾಡಿ ಬಂದ ಮೇಲೆ ದೊಡ್ಡಪ್ಪ ಹೇಳಿದರು, "ಸೂತಕದೋರು ಹುಳುಮನೆ ಒಳಕ್ಕೆ ಓಗ್ಬಾರ್ದು ಕಣೋ. ಹುಳ ನಿಲ್ಲಕ್ಕಿಲ್ಲ."

ಅಪ್ಪ ತಲೆಗೆ ಟವೆಲ್ ಸುತ್ತಿಕೊಂಡು ಎದ್ದ. "ಅವಳು ಮೇಯಿಸಿದ ಹುಳ ಅದು. ಹಸ್ಕೊಂಡ್ ಸಾಯಕ್ಕೆ ಬಿಡ್ಲಾ?" ಎಂದ. ನಾನೂ ಅವನ ಹಿಂದೆ ಹೋದೆ. ಅದಾದ ಐದು ದಿನ ಅಪ್ಪ ಸೊಪ್ಪು ಕೊಯ್ದು ತಂದ, ನಾನು ಹರಡಿದೆ. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಒಂದೊಂದನ್ನೇ ಆಯ್ದು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟಿಗೆ, ಬಿಟ್ಟೆವು. ಗೂಡು ಚೆನ್ನಾಗಿ ಕಟ್ಟಿತು. ನೋಡಲು ಬಂದ ಹೆಂಗಸರು ನನ್ನ ಮುಖ ನೋಡಿ, "ಅಳಮ್ಮಾ, ಒಂದ್ಸಲ ಅತ್ಬಿಡು" ಎಂದರು. ಅಳು ಬರಲಿಲ್ಲ. ದುಃಖ ತಡೆದುಕೊಂಡಿದ್ದೆ ಎಂದಲ್ಲ. ತಡೆದುಕೊಳ್ಳಲು ಒಳಗೆ ಏನೂ ಸಿಗುತ್ತಿರಲಿಲ್ಲ. ಬಾಯಿಗೆ ಇಟ್ಟ ಅನ್ನ ಬಿಸಿಯೋ ತಣ್ಣಗಿದೆಯೋ ಗೊತ್ತಾಗುತ್ತಿರಲಿಲ್ಲ.

ಒಂದು ತಿಂಗಳಿಗೂ ಹೆಚ್ಚು ಊರಲ್ಲೇ ಉಳಿದೆ. ಆಮೇಲೆ ಕಾಲೇಜಿಗೆ ಹೋಗಿ ಪರೀಕ್ಷೆ ಬರೆದೆ. ಹೇಗೆ ಬರೆದೆನೋ, ಪಾಸಾದೆ.

ಕೊನೆಯ ವರ್ಷ ಶುರುವಾದಾಗ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದ್ದರು. ಮೊದಲು ಅದನ್ನು ಕಂಡವಳು ಸುಜಾತ. ಅವಳು ಹೋಳೂರಿನ ಕಡೆಯವಳು, ಹಾಸ್ಟೆಲಿನಲ್ಲಿ ನನ್ನ ರೂಮಿನವಳು, ಓದುವುದು ನನ್ನದೇ ತರಗತಿ. ಬೆಂಗಳೂರಿನ ಒಂದು ಸಂಸ್ಥೆ ಕಾಲೇಜು ವಿದ್ಯಾರ್ಥಿಗಳಿಗೆ ಸಮುದಾಯ ಸೇವೆಯ ಫೆಲೋಶಿಪ್ ಕೊಡುತ್ತಿತ್ತು. ಎಂಟು ತಿಂಗಳು, ವಾರಕ್ಕೆ ಹನ್ನೆರಡು ಗಂಟೆ ಒಂದು ಹಳ್ಳಿಯಲ್ಲಿ ಕೆಲಸ ಮಾಡಬೇಕು. ತಿಂಗಳು ತಿಂಗಳು ಭತ್ಯೆ ಬರುತ್ತದೆ. ಕೆಳಗೆ ಅರ್ಹತೆಗಳ ಪಟ್ಟಿಯಿತ್ತು. ಕಾಯಂ ವಿದ್ಯಾರ್ಥಿಯಾಗಿರಬೇಕು, ಜಿಲ್ಲೆಯೊಳಗೇ ವಾಸವಿರಬೇಕು, ಯಾವ ವಿಷಯವೂ ಬಾಕಿ ಉಳಿದಿರಬಾರದು, ಹಿಂದಿನ ಸೆಮಿಸ್ಟರಿನಲ್ಲಿ ಶೇಕಡ ಎಪ್ಪತ್ತೈದು ಹಾಜರಾತಿ ಇರಬೇಕು.

ಸುಜಾತ ಆ ಹಾಳೆಯ ಫೋಟೊ ತೆಗೆದುಕೊಂಡು ಬಂದು ದಿನಾ ಓದುತ್ತಿದ್ದಳು. ಅವಳಿಗೆ ಇಂಥ ಕೆಲಸವೆಂದರೆ ಪ್ರಾಣ. ಹಾಸ್ಟೆಲಿನ ಅಡುಗೆಯವರ ಮಗಳಿಗೆ ಅಂಗವಿಕಲರ ಕಾರ್ಡು ಮಾಡಿಸಿಕೊಟ್ಟವಳು ಅವಳೇ. ಯಾವ ಕಚೇರಿಗೆ ಹೋದರೂ ಹೆದರದೆ, ನಗುತ್ತಾ, ಜಗಳವಿಲ್ಲದೆ ಕೆಲಸ ಮಾಡಿಸಿಕೊಂಡು ಬರುತ್ತಿದ್ದಳು. ಆದರೆ ಓದಿನ ಖರ್ಚಿಗೆ ಪೇಟೆಯ ಸೀರೆ ಅಂಗಡಿಯೊಂದರಲ್ಲಿ ನಿಲ್ಲುತ್ತಿದ್ದಳು. ಮದುವೆಯ ದಿನಗಳಲ್ಲಿ ಕ್ಲಾಸು ಬಿಟ್ಟು ಹೋಗಬೇಕಾಗುತ್ತಿತ್ತು. ಅವಳ ಹಾಜರಾತಿ ಎಪ್ಪತ್ತಮೂರಿತ್ತು. ನನ್ನದು ಅದಕ್ಕಿಂತ ಕಡಿಮೆ, ಎಪ್ಪತ್ತೊಂದು.

ಇಬ್ಬರೂ ನಾಗರತ್ನ ಮೇಡಂ ಹತ್ತಿರ ಹೋದೆವು. ನಾನು ಹೋಗಿದ್ದು ಸುಜಾತ ಕೈಹಿಡಿದು ಎಳೆದಳು ಅಂತ. ಮೇಡಂ ನಮಗೆ ರಾಜ್ಯಶಾಸ್ತ್ರ ಹೇಳುತ್ತಿದ್ದರು, ಆ ಅರ್ಜಿಗಳನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಕನ್ನಡಕ ಹಾಕಿಕೊಂಡು ನಿಯಮಗಳನ್ನು ಇನ್ನೊಮ್ಮೆ ಓದಿದರು.

"ಸುಜಾತ, ನಿಂದು ಆಗಲ್ಲಮ್ಮ. ಎರಡು ಪರ್ಸೆಂಟ್ ಅಂತ ನಂಗೂ ಗೊತ್ತು. ಆದ್ರೆ ನಾನು ಬರೆದುಕೊಟ್ರೂ ಅವರು ತಗೊಳಲ್ಲ."

"ಅಂಗಡಿ ಬಿಟ್ಬಿಡ್ತೀನಿ ಮೇಡಂ."

"ಈಗ ಬಿಟ್ರೆ ಹೋದ ಸೆಮಿಸ್ಟರಿನ ಹಾಜರಾತಿ ವಾಪಸ್ ಬರುತ್ತಾ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಹಾಳೆಯ ಹಿಂಬದಿಯ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟರು. "ರಾಜೇಶ್ವರಿ, ನಿಂದು ಆಗುತ್ತೆ ನೋಡು. ಅಭ್ಯರ್ಥಿಗೆ ಕಾಯಿಲೆಯಾಗಿದ್ರೆ, ಇಲ್ಲಾ ತಂದೆ ತಾಯಿ ತೀರಿಕೊಂಡಿದ್ರೆ ಹಾಜರಾತಿಲಿ ವಿನಾಯಿತಿ ಇದೆ. ಮರಣ ಪ್ರಮಾಣಪತ್ರ ಇಡಬೇಕು ಅಷ್ಟೆ."

ಹೊರಗೆ ಬಂದ ಮೇಲೆ ಸುಜಾತ ನನಗಿಂತ ಮುಂದೆ ನಡೆದಳು. ಕಾಲೇಜಿನ ಗೇಟಿನ ಹತ್ತಿರ ನಿಂತು, ನನ್ನ ಮುಖ ನೋಡದೆ ಹೇಳಿದಳು: "ನಮ್ಮಮ್ಮ ಇನ್ನೂ ಗಟ್ಟಿಯಾಗವಳೆ. ನಾನೆಲ್ಲಿಂದ ತರ್ಲಿ ಸರ್ಟಿಫಿಕೇಟು?"

ಹೇಳಿದ ಮರುಕ್ಷಣವೇ ಅವಳ ಮುಖ ಬಿಳಿಚಿಕೊಂಡಿತು. "ರಾಜೀ, ಅಂಗಲ್ಲ ಕಣೇ" ಎಂದಳು. ನನಗೆ ಕೋಪ ಬರಬೇಕಾಗಿತ್ತು. ಬರಲಿಲ್ಲ. "ಬಸ್ ಬಂತು" ಎಂದೆ. ಬಸ್ಸು ನಿಜವಾಗಿಯೂ ಬಂದಿತ್ತು. ಅದೇ ಅವಳಿಗೆ ಹೆಚ್ಚು ಚುಚ್ಚಿತೆಂದು ಕಾಣುತ್ತದೆ. ಅವತ್ತಿನಿಂದ ಒಂದೇ ರೂಮಿನಲ್ಲಿದ್ದೂ ನೀರು, ಬೀಗದ ಕೈ ಇಂಥವುಗಳ ಬಗ್ಗೆ ಬಿಟ್ಟರೆ ಬೇರೆ ಮಾತು ನಮ್ಮ ನಡುವೆ ನಿಂತುಹೋಯಿತು.

ಪ್ರಮಾಣಪತ್ರ ತರಲು ಊರಿಗೆ ಹೋದೆ. ಅಪ್ಪ ಅದನ್ನು ಅಲ್ಲಿಯವರೆಗೆ ತೆಗೆಸಿರಲಿಲ್ಲ. ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ ಅಮ್ಮನ ಹೆಸರು ಕೇಳಿದಳು, ಹೇಳಿದೆ. "ಎಷ್ಟು ಕಾಪಿ ಬೇಕು?" ಎಂದಳು. "ಐದು" ಎಂದೆ. ಬೇಕಿದ್ದದ್ದು ಒಂದೇ. ಐದು ಅಂತ ಯಾಕೆ ಬಾಯಿಗೆ ಬಂತೋ ಇವತ್ತಿಗೂ ಗೊತ್ತಿಲ್ಲ. ಪ್ರಿಂಟರಿನಿಂದ ಅಮ್ಮನ ಹೆಸರು ಐದು ಸಲ ಹೊರಬಂತು.

ಫೆಲೋಶಿಪ್ ಸಿಕ್ಕಿತು. ನನಗೆ ಹಾಕಿದ ಊರು ಮಾಲೂರು ತಾಲ್ಲೂಕಿನ ಶಿವಾರಪಟ್ಟಣ. ಅಲ್ಲಿ ಬೀದಿಯುದ್ದಕ್ಕೂ ವಿಗ್ರಹ ಕೆತ್ತುವ ಮನೆಗಳು. ಉಳಿಯ ಸದ್ದು, ಕಲ್ಲು ಕೊಯ್ಯುವ ಯಂತ್ರದ ಸದ್ದು, ಮನೆಗಳ ಮುಂದೆ ಅರ್ಧ ಮುಖದ ದೇವರುಗಳು. ಬೂದುಬಣ್ಣದ ಪುಡಿ ಗಿಡಗಳ ಎಲೆಯ ಮೇಲೂ ಕೂತಿರುತ್ತಿತ್ತು. ವೃದ್ಧಾಪ್ಯ ವೇತನ, ವಿಧವಾ ವೇತನ ನಿಂತುಹೋದವರ ಮನೆಗೆ ಹೋಗಿ, ಯಾಕೆ ನಿಂತಿದೆ ಎಂದು ತಿಳಿದು, ಕಾಗದಪತ್ರ ಸರಿಮಾಡಿಸಿಕೊಡುವುದು ನನ್ನ ಕೆಲಸ. ಕೂರಲು ಪಂಚಾಯಿತಿಯ ಗ್ರಂಥಾಲಯದಲ್ಲಿ ಒಂದು ಮೇಜು ಕೊಟ್ಟರು. ಶನಿವಾರ ಮಧ್ಯಾಹ್ನ, ಭಾನುವಾರ ಇಡೀ ದಿನ, ವಾರದ ಮಧ್ಯೆ ಒಂದು ಸಂಜೆ ಕೋಲಾರದಿಂದ ಬಸ್ಸು ಬದಲಾಯಿಸಿಕೊಂಡು ಹೋಗುತ್ತಿದ್ದೆ.

ನಾನು ಒಳ್ಳೆಯ ಕೆಲಸಗಾರ್ತಿಯಾಗಿರಲಿಲ್ಲ. ಫಾರಂ ತಪ್ಪಿಲ್ಲದೆ ತುಂಬುತ್ತಿದ್ದೆ, ಅಷ್ಟೆ. ಯಾರಾದರೂ ಕಷ್ಟ ಹೇಳಿಕೊಳ್ಳಲು ಶುರುಮಾಡಿದರೆ "ಆಧಾರ್ ಕಾರ್ಡ್ ಕೊಡಿ" ಎನ್ನುತ್ತಿದ್ದೆ.

ಲಕ್ಷ್ಮಕ್ಕ ಎಂಬ ಅಜ್ಜಿಯ ಮನೆಗೆ ಹೋಗಿದ್ದು ಎರಡನೇ ವಾರ. ನಲವತ್ತು ವರ್ಷ ವಿಗ್ರಹಗಳಿಗೆ ಪಾಲಿಶ್ ಹಾಕಿದವಳು. ಕೆತ್ತಿದ ಮೂರ್ತಿಯ ಮೇಲೆ ನೀರು ಬಿಟ್ಟು, ಸಾಣೆಕಲ್ಲಿನಿಂದ ತಿಂಗಳುಗಟ್ಟಲೆ ಉಜ್ಜಿ ನುಣುಪು ಮಾಡುವ ಕೆಲಸ. ಗಂಡ ಇಲ್ಲ, ಮಗ ಸೊಸೆಯ ಜೊತೆಗಿದ್ದಳು. ಅವಳ ವಿಧವಾ ವೇತನ ಎಂಟು ತಿಂಗಳಿಂದ ನಿಂತಿತ್ತು. ಬದುಕಿದ್ದೇನೆ ಎಂದು ತೋರಿಸಲು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು. ಅವಳ ಹೆಬ್ಬೆಟ್ಟನ್ನು ಯಂತ್ರ ಗುರುತಿಸುತ್ತಿರಲಿಲ್ಲ. ಅವಳು ಹತ್ತೂ ಬೆರಳನ್ನು ನನ್ನ ಮುಂದೆ ಚಾಚಿದಳು. ಬೆರಳ ತುದಿಯಲ್ಲಿ ಒಂದು ಗೆರೆಯೂ ಇರಲಿಲ್ಲ. ಮೂರ್ತಿಗಳ ಕೆನ್ನೆಯಷ್ಟೇ ನುಣುಪಾಗಿದ್ದವು.

"ದೇವ್ರನ್ನ ತಿಕ್ಕಿ ತಿಕ್ಕಿ ನಾನೇ ಸವ್ದೋದೆ ಪಾಪಾ" ಎಂದು ನಕ್ಕಳು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಪಾಪಾ ಎಂದು ಕರೆಯುತ್ತಾರೆ. ಆಮೇಲೆ, "ಬೆಳಿಗ್ಗೆ ಏನ್ ತಿಂದೆ? ನಿಮ್ಮಮ್ಮ ಏನ್ ಮಾಡಿದ್ಲು?" ಎಂದು ಕೇಳಿದಳು.

"ಉಪ್ಪಿಟ್ಟು" ಎಂದೆ.

ಹಾಸ್ಟೆಲಿನಲ್ಲಿದ್ದೇನೆ ಎನ್ನಬಹುದಿತ್ತು. ಅಮ್ಮ ಇಲ್ಲ ಎನ್ನಬಹುದಿತ್ತು. ಹೇಳಿದರೆ ಅವಳು ಅಯ್ಯೋ ಎನ್ನುತ್ತಾಳೆ, ನಾನು ಮುಖ ಹೇಗಿಟ್ಟುಕೊಳ್ಳಬೇಕೋ ಗೊತ್ತಾಗುವುದಿಲ್ಲ. ಅದಕ್ಕೇ ಹಾಗಂದೆ. ಅವಳು ಪ್ರತಿ ವಾರವೂ ಕೇಳಿದಳು. ನಾನು ಪ್ರತಿ ವಾರವೂ ಒಂದು ಅಡುಗೆ ಹೇಳಿದೆ. ಕಾರ್ತಿಕದ ಹೊತ್ತಿಗೆ ಅಮ್ಮ ಮುದ್ದೆ ಬಸ್ಸಾರು ಮಾಡಿದ್ದಳು, ಚಳಿ ಬಿದ್ದ ಮೇಲೆ ಹಿತಕಬೇಳೆ ಸಾರು ಮಾಡಿದ್ದಳು. "ಒಳ್ಳೆ ಕೈ ಐತೆ ನಿಮ್ಮಮ್ಮಂಗೆ" ಎಂದು ಲಕ್ಷ್ಮಕ್ಕ ಮೆಚ್ಚಿಕೊಂಡಳು. ಸುಳ್ಳು ಹೇಳುತ್ತಿದ್ದೇನೆ ಎಂಬ ಅಳುಕೂ ನನ್ನಲ್ಲಿರಲಿಲ್ಲ.

ಬೆರಳು ಆಗದಿದ್ದರೆ ಕಣ್ಣಿನ ಗುರುತು ತೆಗೆದುಕೊಳ್ಳುತ್ತಾರೆ ಎಂದು ಗೊತ್ತಾಗಿ, ಅವಳನ್ನು ಮಾಲೂರಿಗೆ ಕರೆದುಕೊಂಡು ಹೋದೆ. ಅಲ್ಲಿ ಅವಳ ಕಣ್ಣಿನಲ್ಲಿ ಪೊರೆ ಬಂದಿದೆ, ಯಂತ್ರಕ್ಕೆ ಕಾಣುತ್ತಿಲ್ಲ ಎಂದರು. ಕೋಲಾರದಲ್ಲಿ ಕಣ್ಣಿನ ಶಿಬಿರ ನಡೆಯುವವರೆಗೆ ಕಾದು, ಒಂದು ಕಣ್ಣಿಗೆ ಆಪರೇಷನ್ ಮಾಡಿಸಿ, ಅದು ಮಾಯುವವರೆಗೆ ಕಾದು, ಜನವರಿಯಲ್ಲಿ ಮತ್ತೆ ಮಾಲೂರಿಗೆ ಹೋದೆವು. ಅವಳು ಯಂತ್ರದೊಳಗೆ ಕಣ್ಣಿಟ್ಟು ಉಸಿರು ಬಿಗಿಹಿಡಿದಳು. "ಆಯ್ತಜ್ಜಿ, ಬಂತು" ಎಂದ ಅಲ್ಲಿ ಕೂತಿದ್ದವನು. ಲಕ್ಷ್ಮಕ್ಕ ಅವನಿಗೂ ಕೈಮುಗಿದಳು, ಯಂತ್ರಕ್ಕೂ ಕೈಮುಗಿದಳು.

ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಹೊಸ ಕಣ್ಣಿನಿಂದ ಹೊರಗಿನದನ್ನೆಲ್ಲ ಗಟ್ಟಿಯಾಗಿ ಹೆಸರು ಹೇಳಿ ನೋಡುತ್ತಿದ್ದಳು. ಟೊಮೆಟೊ ತೋಟ, ನೀಲಗಿರಿ, ಅಕೋ ಎಮ್ಮೆ. ಇದ್ದಕ್ಕಿದ್ದ ಹಾಗೆ ನನ್ನ ಕಡೆ ತಿರುಗಿದಳು.

"ನಿಮ್ಮಮ್ಮಂಗೆ ಫೋನ್ ಹಚ್ಚು ಪಾಪಾ. ಇಂಥಾ ಮಗಳನ್ನ ಎತ್ತವ್ಳಲ್ಲ, ಒಂದ್ ಮಾತು ಏಳ್ಬೇಕು ನಾನು."

"ಈಗ ಬೇಡ ಅಜ್ಜಿ."

"ಯಾಕ್ ಬೇಡ? ಹಚ್ಚು ಅಂದ್ರೆ."

ಫೋನು ಕೈಯಲ್ಲೇ ಇತ್ತು. ಅಮ್ಮನ ನಂಬರು ಅದರಲ್ಲಿ ಇನ್ನೂ ಇತ್ತು. ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಹೇಳಿದೆ, "ಅಮ್ಮ ಇಲ್ಲ ಅಜ್ಜಿ."

"ಎಲ್ಲಿಗೋದ್ಲು?"

"ಸತ್ತೋದ್ಲು. ಹೋದ ಫೆಬ್ರವರೀಲಿ."

ಸತ್ತೋದ್ಲು ಎಂಬ ಮಾತು ನನ್ನ ಬಾಯಿಂದ ಅದೇ ಮೊದಲು ಬಂದದ್ದು. ಅಲ್ಲಿಯವರೆಗೆ ನಾನು ಕಾಗದ ತೋರಿಸಿದ್ದೆನೇ ಹೊರತು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಲಕ್ಷ್ಮಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಮೊದಲು ಕಂಡದ್ದು ಸಿಟ್ಟು. "ಇಷ್ಟ್ ದಿನ ಸತ್ತೋಳ ಕೈಲಿ ಅಡುಗೆ ಮಾಡಿಸ್ದೇನೇ?" ಎಂದಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ಶಿವಾರಪಟ್ಟಣ ಬರುವವರೆಗೆ ಅವಳು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು. ಇಳಿಯುವಾಗ ನಾನು ಕೈಕೊಡಲು ಹೋದರೆ ಕಂಬಿ ಹಿಡಿದುಕೊಂಡು ತಾನೇ ಇಳಿದಳು.

ಮುಂದಿನ ಭಾನುವಾರ ಅವಳ ಮನೆಗೆ ಹೋಗುವುದೋ ಬೇಡವೋ ಎಂದು ಗ್ರಂಥಾಲಯದಲ್ಲೇ ಕೂತಿದ್ದೆ. ಅವಳ ಸೊಸೆ ಬಂದು, "ಅತ್ತೆ ಕರೀತವ್ರೆ" ಎಂದಳು. ಹೋದೆ. ಲಕ್ಷ್ಮಕ್ಕ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದಳು. "ಕೂತ್ಕೊ. ಎಂಗೋದ್ಲು ಏಳು" ಎಂದಳು.

ಹೇಳಿದೆ. ಹುಳುಮನೆ, ಸೊಪ್ಪು, ಆಸ್ಪತ್ರೆಯ ದಾರಿ, ಸೂತಕದಲ್ಲೇ ಹುಳು ಮೇಯಿಸಿದ್ದು, ಗೂಡು ಚೆನ್ನಾಗಿ ಬಂದದ್ದು. ಬೇರೆ ಯಾರದೋ ಮನೆಯ ಸುದ್ದಿಯಂತೆ ಒಂದೇ ದನಿಯಲ್ಲಿ ಹೇಳಿದೆ. ನಾನು ಮುಗಿಸುತ್ತಿದ್ದಂತೆ ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಒಮ್ಮೆಲೇ ದೊಡ್ಡ ದನಿಯಲ್ಲಿ ಅಳಲು ಶುರುಮಾಡಿದಳು. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುತ್ತಾರಲ್ಲ, ಹಾಗೆ. "ಅಯ್ಯೋ ನಾ ತಲ್ಲೀ, ಬಿಡ್ಡನು ವಿಡಿಚಿ ಎಕ್ಕಡಿಕಿ ಪೋತಿವೇ" ಎಂದು ತೆಲುಗಿನಲ್ಲಿ, ಮಗುವನ್ನು ಬಿಟ್ಟು ಎಲ್ಲಿಗೆ ಹೋದೆ ತಾಯೀ ಎಂದು, ತಾನೆಂದೂ ಕಾಣದ ನನ್ನ ಅಮ್ಮನನ್ನು ಕೂಗಿ ಕರೆದಳು. ಸೊಸೆ ಒಳಗಿನಿಂದ ಓಡಿಬಂದಳು. ಎದುರುಮನೆಯಲ್ಲಿ ಉಳಿಯ ಸದ್ದು ನಿಂತಿತು. ನಾಲ್ಕೈದು ಹೆಂಗಸರು ಬಂದು, ಯಾರು ಸತ್ತದ್ದು ಎಂದು ಕೇಳಿ ತಿಳಿದು, ಅಲ್ಲೇ ಕೂತು ಕಣ್ಣೊರೆಸಿಕೊಂಡರು.

ನಾನು ಅವತ್ತೂ ಅಳಲಿಲ್ಲ. ಅವಳ ನುಣುಪು ಬೆರಳುಗಳು ನನ್ನ ಕೈಮೇಲೆ ಇದ್ದದ್ದು, ಅವು ಬಿಸಿಯಾಗಿದ್ದದ್ದು ಮಾತ್ರ ತಿಳಿಯುತ್ತಿತ್ತು. ಆದರೆ ಬಸ್ ಸ್ಟಾಪಿಗೆ ಬಂದು ನಿಂತಾಗ ಕಣ್ಣು ಎದುರಿನ ಹೋಟೆಲಿನ ಕಡೆಗೇ ಹೋಗುತ್ತಿತ್ತು. ಯಾಕೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನಗೆ ಹಸಿವಾಗಿತ್ತು. ಹೋಟೆಲಿಗೆ ಹೋಗಿ ಇಡ್ಲಿ ತಿಂದೆ, ಸಾಲದೆ ಇನ್ನೊಂದು ಪ್ಲೇಟ್ ತರಿಸಿಕೊಂಡೆ. ಸಾಂಬಾರು ನಾಲಿಗೆ ಸುಟ್ಟಿತು.

ಹಾಸ್ಟೆಲಿಗೆ ಬಂದಾಗ ಸುಜಾತ ಕಿಟಕಿಯ ಹತ್ತಿರ ತಲೆ ಬಾಚಿಕೊಳ್ಳುತ್ತಿದ್ದಳು. ನಾನು ಬ್ಯಾಗನ್ನೂ ಇಳಿಸದೆ, "ನಮ್ಮಮ್ಮ ಸತ್ತೋದ್ಲು ಕಣೇ" ಎಂದೆ.

ಗೊತ್ತಲ್ಲ ಎನ್ನಬಹುದಿತ್ತು ಅವಳು. ಅನ್ನಲಿಲ್ಲ. ಬಾಚಣಿಗೆ ಕೆಳಗಿಟ್ಟು, ಮಂಚದ ಮೇಲೆ ಜಾಗ ಬಿಟ್ಟು ಸರಿದು ಕೂತಳು. ನಾನು ಕೂತೆ. "ಅವತ್ತು ನಾನಂಗಂದಿದ್ದು..." ಎಂದು ಶುರುಮಾಡಿದಳು. "ಬರೋ ಭಾನುವಾರ ನನ್ ಜೊತೆ ಬಾ" ಎಂದೆ.

ಅವಳು ಅಂಗಡಿಯ ಭಾನುವಾರದ ಕೂಲಿ ಬಿಟ್ಟು ಬಂದಳು. ಆ ಒಂದು ಭಾನುವಾರ ಮಾತ್ರವಲ್ಲ, ಮಾರ್ಚ್ ಮುಗಿಯುವವರೆಗೆ ಪ್ರತಿ ಭಾನುವಾರವೂ ಬಂದಳು. ನಾನು ಆರು ತಿಂಗಳಲ್ಲಿ ಮಾಡಲಾಗದ ಕೆಲಸ ಅವಳಿಂದ ಎರಡು ತಿಂಗಳಲ್ಲಿ ಆಯಿತು. ಮನೆಯೊಳಗೆ ಹೋಗಿ ಅಡುಗೆ ಒಲೆಯ ಪಕ್ಕ ಕೂತು ಮಾತಾಡುತ್ತಿದ್ದಳು. ನನ್ನ ಪಟ್ಟಿಯಲ್ಲೇ ಇಲ್ಲದವರು ಬಾಗಿಲಿಗೆ ಬಂದು, ಆ ಇನ್ನೊಂದು ಹುಡುಗಿ ಬಂದಿಲ್ಲವಾ ಎಂದು ವಿಚಾರಿಸುತ್ತಿದ್ದರು. ಬೆರಳ ಗೆರೆ ಸವೆದ ಇನ್ನೂ ಆರು ಜನರನ್ನು ಅವಳೇ ಹುಡುಕಿ, ಎಲ್ಲರನ್ನೂ ಒಟ್ಟಿಗೆ ಮಾಲೂರಿಗೆ ಕರೆದುಕೊಂಡು ಹೋಗಿ ಬಂದಳು. ಲಕ್ಷ್ಮಕ್ಕನ ವೇತನ ಫೆಬ್ರವರಿಯಲ್ಲಿ ಮತ್ತೆ ಬರಲು ಶುರುವಾಗಿತ್ತು. ಅಮ್ಮ ಹೋಗಿ ಒಂದು ವರ್ಷವಾದದ್ದೂ ಅದೇ ತಿಂಗಳು.

ಕೊನೆಗೆ ನಾನು ಸಂಸ್ಥೆಗೆ ವರದಿ ಬರೆದು ಕಳಿಸಬೇಕಾಗಿತ್ತು. ನಡೆದದ್ದನ್ನು ನಡೆದ ಹಾಗೆ ಬರೆದೆ, ಸುಜಾತ ಮಾಡಿದ ಕೆಲಸವನ್ನು ಅವಳ ಹೆಸರಿನಲ್ಲೇ ಬರೆದೆ. ವಾರವಾದ ಮೇಲೆ ಸಂಸ್ಥೆಯಿಂದ ಫೋನ್ ಬಂತು. ಮಾತಾಡಿದವರು ಒಳ್ಳೆಯವರೇ, ಮೃದುವಾಗಿ ಹೇಳಿದರು. "ಫೆಲೋ ಅಲ್ಲದವರ ಹೆಸರು ವರದಿಯಲ್ಲಿ ಬರೋ ಹಾಗಿಲ್ಲ ರಾಜೇಶ್ವರಿ. ಅವರಿಗೆ ಅರ್ಹತೆ ಇರಲಿಲ್ಲ ಅಲ್ವಾ? ಅವರ ಹೆಸರು ತೆಗೆದು ಕಳಿಸಿ, ನಿಮ್ಮ ಫೆಲೋಶಿಪ್ ಪ್ರಮಾಣಪತ್ರ ಕಳಿಸಿಕೊಡ್ತೀವಿ."

ಸುಜಾತಳಿಗೆ ಹೇಳಿದೆ. "ತೆಗ್ದಾಕೇ ಅತ್ಲಾಗೆ. ನಾಳೆ ಕೆಲಸಕ್ಕೆ ನಿಂಗೆ ಸರ್ಟಿಫಿಕೇಟು ಬೇಕಾಗ್ತದೆ" ಎಂದಳು. ಕಾಲೇಜಿನ ಕಂಪ್ಯೂಟರಿನಲ್ಲಿ ಫೈಲು ತೆರೆದು ಕೂತೆ. ಅವಳ ಹೆಸರು ಹನ್ನೊಂದು ಕಡೆ ಬಂದಿತ್ತು. ಮೊದಲನೆಯದರ ಪಕ್ಕ ಕರ್ಸರ್ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಕೊನೆಗೆ ಏನನ್ನೂ ತೆಗೆಯದೆ ಅದೇ ಫೈಲನ್ನು ಮತ್ತೆ ಕಳಿಸಿದೆ. ಅವರು ಇನ್ನೊಮ್ಮೆ ಕೇಳಿದರು, ಇನ್ನೊಮ್ಮೆ ಅದನ್ನೇ ಕಳಿಸಿದೆ. ಆಮೇಲೆ ಕೇಳಲಿಲ್ಲ. ಪ್ರಮಾಣಪತ್ರವೂ ಬರಲಿಲ್ಲ. ಬಂತು ಎಂದು ಸುಜಾತಳಿಗೆ ಸುಳ್ಳು ಹೇಳಿದೆ.

ಈಗ ಸುಜಾತ ಮುಳಬಾಗಿಲಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಹೋದ ವಾರ, ಆ ಗ್ರಾನೈಟಿನ ಗಲಾಟೆಯಾದ ಮಾರನೇ ದಿನ, ಅವಳನ್ನು ನೋಡಿ ಬರಲು ಹೋಗಿದ್ದೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, ಫೆಲೋಶಿಪ್ಪಿನ ಆ ಪ್ರಮಾಣಪತ್ರ ನನ್ನ ಹತ್ತಿರ ಇಲ್ಲ ಎಂದು, ಯಾಕೆ ಇಲ್ಲ ಎಂದು ಹೇಳಿದೆ.

"ಲೂಸು ಕಣೇ ನೀನು" ಎಂದಳು. ಆಮೇಲೆ ತಲೆ ತಗ್ಗಿಸಿ ನಾಲ್ಕು ಕಾಯಿ ಸುಲಿದಳು. "ಆ ವರದಿ ಈಗಲೂ ಇದೆಯಾ?"

"ಫೋನಲ್ಲಿದೆ."

ಅವಳು ಸೆರಗಿಗೆ ಕೈ ಒರೆಸಿಕೊಂಡು, ಅಡುಗೆಯವರಿಗೆ ಒಲೆ ಸಣ್ಣ ಮಾಡಲು ಹೇಳಿ, ನನ್ನ ಪಕ್ಕಕ್ಕೆ ಬಂದು ಕೂತಳು.

"ಓದು" ಎಂದಳು. ಮೊದಲಿನಿಂದ ಓದಲು ಶುರುಮಾಡಿದೆ.